ಕಣ್ಣಿನೊಳಗೆ ಬರೆ ಎಳೆದ ಡಾಕ್ಟರ್

ಚಿಕ್ಕೋಡಿ, ನಿಪ್ಪಾಣಿ, ಅಥಣಿ ಕಡೆ ವಯಸ್ಸಾದವರ ದೃಷ್ಟಿ ಮಂಜಾದರೆ ಮೊದಲು ಬರುವ ಮಾತು ಮೋತಿಬಿಂದು, ಅಂದರೆ ಪೊರೆ. ಹಣ್ಣಾಗಲಿ, ಆಮೇಲೆ ತೆಗೆಸೋಣ ಎನ್ನುವುದು ಎರಡನೆಯ ಮಾತು. ರಾಯಬಾಗದ ನಮ್ಮ ಕಾಕಾ ಹಾಗೆಯೇ ಎರಡು ತಿಂಗಳು ಕಾದರು. ಕಣ್ಣಲ್ಲಿ ಮಿಂಚು ಹೊಡೆದಂತಾಗಿತ್ತು, ಕಪ್ಪು ಚುಕ್ಕೆಗಳು ತೇಲಿದ್ದವು, ಆಮೇಲೆ ಒಂದು ಬದಿಯಿಂದ ಪರದೆ ಇಳಿದಂತಾಯಿತು. ಇದು ಪೊರೆಯ ಲಕ್ಷಣವಲ್ಲ. ಕಣ್ಣಿನ ಹಿಂಗೋಡೆಗೆ ಅಂಟಿಕೊಂಡಿರಬೇಕಾದ ರೆಟಿನಾ ಕಳಚಿತ್ತು. ಮಿರಜ್‌ಗೆ ಹೋಗುವ ಹೊತ್ತಿಗೆ ತಡವಾಗಿತ್ತು.

ನೂರು ವರ್ಷದ ಹಿಂದೆ ಬೇಗ ಹೋಗಿದ್ದರೂ ಹೆಚ್ಚು ಉಪಯೋಗವಿರಲಿಲ್ಲ. ರೆಟಿನಾ ಕಳಚಿದರೆ ಆ ಕಣ್ಣು ಹೋಯಿತೆಂದೇ ಲೆಕ್ಕ. ರೋಗಿಯನ್ನು ಕಣ್ಣಿಗೆ ಪಟ್ಟಿ ಕಟ್ಟಿ ವಾರಗಟ್ಟಲೆ ಮಲಗಿಸುತ್ತಿದ್ದರು. ರೆಟಿನಾದ ಹಿಂದೆ ತುಂಬಿದ ನೀರನ್ನು ಚುಚ್ಚಿ ತೆಗೆದರೆ ಅದು ಮತ್ತೆ ತುಂಬುತ್ತಿತ್ತು. ಈ ಸ್ಥಿತಿಯನ್ನು ಬದಲಿಸಿದವರು ಸ್ವಿಟ್ಜರ್ಲೆಂಡಿನ ಜೂಲ್ಸ್ ಗೊನಿನ್.

ಅವರು ಹುಟ್ಟಿದ್ದು 1870ರಲ್ಲಿ, ಲೊಸಾನ್ ಊರಿನಲ್ಲಿ. ಮೊದಲ ಸಂಶೋಧನೆ ಕಣ್ಣಿನ ಮೇಲಲ್ಲ, ಕಂಬಳಿಹುಳು ಚಿಟ್ಟೆಯಾಗುವ ಬಗೆಯ ಮೇಲೆ. ಆಮೇಲೆ ಅದೇ ಊರಿನ ಕಣ್ಣಿನ ಆಸ್ಪತ್ರೆಯಲ್ಲಿ ಮಾರ್ಕ್ ಡುಫೂರ್ ಅವರ ಕೈಕೆಳಗೆ ಕಲಿತರು. ಸಣ್ಣದನ್ನು ತಾಳ್ಮೆಯಿಂದ ನೋಡುವ ಚಾಳಿ ಹುಳುಗಳಿಂದಲೇ ಬಂದಿರಬೇಕು ಎಂದು ನನಗನ್ನಿಸುತ್ತದೆ.

ಕಳಚಿದ ರೆಟಿನಾದಲ್ಲಿ ಹರಿದ ತೂತು ಇರುವುದನ್ನು ಅವರಿಗಿಂತ ಮೊದಲೇ ಕೆಲವರು ಕಂಡಿದ್ದರು. ಆದರೆ ರೆಟಿನಾ ಕಳಚಿದ್ದರಿಂದ ತೂತು ಬಿದ್ದಿತು ಎಂದು ಬಹಳ ಜನ ತಿಳಿದಿದ್ದರು. ಗೊನಿನ್ ಹೇಳಿದ್ದು ಇದರ ಉಲ್ಟಾ. ಕಣ್ಣೊಳಗಿನ ಲೋಳೆ ಕುಗ್ಗುತ್ತಾ ರೆಟಿನಾವನ್ನು ಎಳೆದು ಹರಿಯುತ್ತದೆ, ಆ ತೂತಿನಿಂದ ನೀರು ನುಗ್ಗಿ ರೆಟಿನಾವನ್ನು ಎಬ್ಬಿಸುತ್ತದೆ. ಹಾಗಾದರೆ ನೀರು ತೆಗೆದರಷ್ಟೇ ಸಾಲದು, ತೂತು ಮುಚ್ಚಬೇಕು.

ಅವರ ಸಲಕರಣೆಗಳನ್ನು ಇಂದಿನ ಆಪರೇಷನ್ ಥಿಯೇಟರಿನ ಪಕ್ಕ ಇಟ್ಟರೆ ನಗು ಬರಬಹುದು. ಕಣ್ಣೊಳಗೆ ಇಣುಕಲು ಆಫ್ತಾಲ್ಮೋಸ್ಕೋಪ್, ಒಂದು ಪೆನ್ಸಿಲ್, ಗ್ರೇಫೆ ಚಾಕು, ಕಾಯಿಸಿದ ಪ್ಲಾಟಿನಂ ತುದಿಯ ಕಾಟರಿ. ತೂತು ಗಡಿಯಾರದ ಎಷ್ಟನೇ ಗಂಟೆಯ ದಿಕ್ಕಿನಲ್ಲಿದೆ, ಕರಿಗುಡ್ಡೆಯ ಅಂಚಿನಿಂದ ಎಷ್ಟು ಮಿಲಿಮೀಟರ್ ದೂರ ಎಂದು ನಕ್ಷೆ ಬರೆದು ಲೆಕ್ಕ ಹಾಕುತ್ತಿದ್ದರು. ಅದೇ ಜಾಗದಲ್ಲಿ ಬಿಳಿಗುಡ್ಡೆಯ ಗೋಡೆಯನ್ನು ಹೊರಗಿನಿಂದ ಕೊಯ್ದು, ಕಾದ ತುದಿಯನ್ನು ಎರಡು ಮೂರು ಸೆಕೆಂಡು ಒಳಗಿಡುತ್ತಿದ್ದರು. ಸುಟ್ಟ ಗಾಯ ಮಾಯುವಾಗ ರೆಟಿನಾ ಗೋಡೆಗೆ ಅಂಟುತ್ತಿತ್ತು. (ನಮ್ಮಲ್ಲಿ ಕಾಮಾಲೆಗೆ ಬರೆ ಹಾಕುವವರು ಇದನ್ನು ತಮ್ಮ ಪರವಾಗಿ ಎತ್ತಿಕೊಳ್ಳಬಾರದು. ಆ ಬರೆಗೂ ಯಕೃತ್ತಿಗೂ ಸಂಬಂಧವೇ ಇಲ್ಲ.)

1920ರ ಆಸುಪಾಸಿನಲ್ಲಿ ಇದನ್ನು ಹೇಳಿಕೊಂಡಾಗ ವಿರೋಧವೇ ಹೆಚ್ಚು. 1929ರ ಆಮ್‌ಸ್ಟರ್‌ಡ್ಯಾಮ್ ಸಮ್ಮೇಳನದ ಹೊತ್ತಿಗೆ ಗಾಳಿ ತಿರುಗಿತ್ತು. ಬೇರೆ ಬೇರೆ ದೇಶಗಳ ಡಾಕ್ಟರುಗಳು ಕಲಿಯಲು ಲೊಸಾನ್‌ಗೆ ಬರತೊಡಗಿದರು. 1934ರಲ್ಲಿ ಅವರ ದೊಡ್ಡ ಪುಸ್ತಕ ಬಂತು, 1935ರ ಜೂನ್‌ನಲ್ಲಿ ತೀರಿಕೊಂಡರು. ಕಣ್ಣು ಪರೀಕ್ಷೆಗೆ ಕೊಡುವ ಚೌಕಳಿ ಗೆರೆಗಳ ಕಾಗದ ನೋಡಿದ್ದೀರಾ? ಅದು ಅವರ ಶಿಷ್ಯ ಮಾರ್ಕ್ ಆಮ್ಸ್ಲರ್ ಅವರದು.

ಕಾದ ತುದಿಯ ಜಾಗಕ್ಕೆ ಆಮೇಲೆ ವಿದ್ಯುತ್ ಶಾಖ, ಹೆಪ್ಪುಗಟ್ಟಿಸುವ ಕ್ರಯೋ, ಲೇಸರ್ ಬಂದವು. 1970ರಲ್ಲಿ ಅಮೆರಿಕದ ಮಯಾಮಿಯಲ್ಲಿ ರಾಬರ್ಟ್ ಮಾಕೆಮರ್, ಎಳೆಯುವ ಲೋಳೆಯನ್ನೇ ಕತ್ತರಿಸಿ ಹೀರುವ ಸಲಕರಣೆಯನ್ನು ಕಣ್ಣೊಳಗೆ ಇಳಿಸಿದರು. ಅದು 17 ಗೇಜಿನದು. ನಂತರ 20 ಗೇಜ್, ಈಗ 23, 25, 27. ಇಂಜೆಕ್ಷನ್ ಸೂಜಿಯಂತೆ ಇಲ್ಲೂ ಸಂಖ್ಯೆ ಏರಿದಷ್ಟು ಸಲಕರಣೆ ಸಣ್ಣ: 20 ಗೇಜ್ ಸುಮಾರು 0.9 ಮಿಲಿಮೀಟರ್, 25 ಗೇಜ್ ಅರ್ಧ ಮಿಲಿಮೀಟರ್. ಸಣ್ಣ ಗಾಯಕ್ಕೆ ಸಾಮಾನ್ಯವಾಗಿ ಹೊಲಿಗೆ ಬೇಕಿಲ್ಲ. ಹಾಗೆಂದು ಸಣ್ಣದ್ದೇ ಯಾವಾಗಲೂ ಮೇಲು ಎನ್ನಲಾಗದು. ತೆಳುವಾದಷ್ಟು ಬಾಗುವುದು ಹೆಚ್ಚು, ಹೀರುವುದು ನಿಧಾನ. ಯಾವ ಗೇಜ್ ಎನ್ನುವುದನ್ನು ಡಾಕ್ಟರಿಗೆ ಬಿಡಿ.

ನಿಮ್ಮ ಕೈಯಲ್ಲಿರುವುದು ಹೊತ್ತು ಮಾತ್ರ. ಹೊಸದಾಗಿ ಮಿಂಚು, ಚುಕ್ಕೆಗಳ ಸುರಿಮಳೆ ಅಥವಾ ಪರದೆ ಕಂಡರೆ ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಪಾಪೆ ಹಿಗ್ಗಿಸಲು ಹನಿ ಹಾಕುತ್ತಾರೆ, ಕೆಲವು ತಾಸು ಎಲ್ಲ ಮಸುಕಾಗಿ ಕಾಣುತ್ತದೆ. ಕಾಗವಾಡದಿಂದ ಮಿರಜ್ ಹತ್ತಿರವೆಂದು ಒಬ್ಬರೇ ಬೈಕ್ ಹತ್ತಬೇಡಿ, ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ.