ನೀರನ್ನು ಕೂಡಿಡಲು ಕಲಿಸಿದ ಸರ್ ಎಂ. ವಿಶ್ವೇಶ್ವರಯ್ಯ

ಉಮರ್ಗಾ, ನಿಲಂಗಾ, ಉದಗೀರ ಸೀಮೆಯವರಾದ ನಮಗೆ ನೀರಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. 2016ರ ಬೇಸಿಗೆಯಲ್ಲಿ ಮಿರಜದಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಬಂದುದನ್ನು ನಾವೆಲ್ಲರೂ ಬಲ್ಲೆವು. ಆದುದರಿಂದ ಶಾಲೆಯ ಶತಮಾನೋತ್ಸವದ ಈ ಶುಭಸಂದರ್ಭದಲ್ಲಿ, ಊರೂರಿಗೆ ನೀರೊದಗಿಸಿದ ಸರ್ ಎಂ. ವಿಶ್ವೇಶ್ವರಯ್ಯನವರನ್ನು ಸ್ಮರಿಸುವುದು ಉಚಿತವೆಂದು ಭಾವಿಸುತ್ತೇವೆ.

ಮುದ್ದೇನಹಳ್ಳಿಯಲ್ಲಿ ಜನಿಸಿದ ಅವರು ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡು, ಬೆಂಗಳೂರಿನಲ್ಲಿ ಮಕ್ಕಳಿಗೆ ಮನೆಪಾಠ ಹೇಳುತ್ತ ಓದಿದರು. ಮೈಸೂರು ಸರಕಾರದ ವಿದ್ಯಾರ್ಥಿವೇತನ ಪಡೆದು ಪುಣೆಯಲ್ಲಿ ಎಂಜಿನಿಯರಿಂಗ್ ಕಲಿತು, 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. ಸಿಂಧೂ ನದಿಯ ದಂಡೆಯಲ್ಲಿರುವ ಸಕ್ಕರ ಪಟ್ಟಣದಲ್ಲಿ ನದಿಯ ನೀರು ಕೆಸರುಮಯವಾಗಿತ್ತು. ಶೋಧಕ ತೊಟ್ಟಿಗಳನ್ನು ಕಟ್ಟಲು ಪುರಸಭೆಯಲ್ಲಿ ಹಣವಿರಲಿಲ್ಲ. ಅವರು ನದೀಪಾತ್ರದಲ್ಲಿಯೇ ಬಾವಿ ತೋಡಿಸಿ, ಮರಳಿನಲ್ಲಿ ತಾನಾಗಿಯೇ ಸೋಸಿ ಬಂದ ತಿಳಿನೀರನ್ನು ಊರಿಗೆ ಹರಿಸಿದರು. 1903ರಲ್ಲಿ ಪುಣೆಯ ಬಳಿಯ ಖಡಕವಾಸಲಾ ಜಲಾಶಯಕ್ಕೆ ಅವರ ಸ್ವಯಂಚಾಲಿತ ಬಾಗಿಲುಗಳನ್ನು ಅಳವಡಿಸಲಾಯಿತು. ಕಟ್ಟೆಯನ್ನು ಎತ್ತರಿಸದೆಯೇ ಅಲ್ಲಿ ಹೆಚ್ಚು ನೀರು ನಿಂತಿತು.

ಆ ಕಾಲದಲ್ಲಿ ನಮ್ಮ ಈ ಮೂರು ಊರುಗಳೂ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. 1908ರ ಸೆಪ್ಟೆಂಬರಿನಲ್ಲಿ ರಾಜಧಾನಿಯ ಮೂಸಿ ನದಿ ಉಕ್ಕಿ ಸಾವಿರಾರು ಜನರು ಪ್ರಾಣ ಕಳೆದುಕೊಂಡರು. ಮರುವರ್ಷ ನಿಜಾಮ ಸರಕಾರದ ಆಹ್ವಾನದ ಮೇರೆಗೆ ಬಂದ ವಿಶ್ವೇಶ್ವರಯ್ಯನವರು ಮಳೆಯ ಲೆಕ್ಕವನ್ನೂ ನದಿಯ ಜಲಾನಯನವನ್ನೂ ಪರಿಶೀಲಿಸಿದರು. ಅತಿಯಾದ ಮಳೆಯ ಜೊತೆಗೆ, ಮೇಲ್ಗಡೆಯ ಅನೇಕ ಕೆರೆಗಳು ಒಡೆದುದೂ ಅನಾಹುತಕ್ಕೆ ಕಾರಣವಾಗಿತ್ತು. ನಗರದ ಮೇಲ್ಭಾಗದಲ್ಲಿ ಜಲಾಶಯಗಳನ್ನು ಕಟ್ಟಿ ಪ್ರವಾಹವನ್ನು ತಡೆಯಬೇಕೆಂದು ಅವರು ಸೂಚಿಸಿದರು. ಅದರ ಫಲವಾಗಿ 1920ರಲ್ಲಿ ಉಸ್ಮಾನ್ ಸಾಗರವೂ 1927ರಲ್ಲಿ ಹಿಮಾಯತ್ ಸಾಗರವೂ ಪೂರ್ಣಗೊಂಡವು. ಊರನ್ನು ಮುಳುಗಿಸಿದ ನೀರೇ ಮುಂದೆ ಆ ಊರಿನ ಮನೆಮನೆಯ ಕೊಡ ತುಂಬಿತು.

ಮುಂದೆ ಅವರು ಮೈಸೂರಿನ ಮುಖ್ಯ ಎಂಜಿನಿಯರರಾಗಿ, 1912ರಿಂದ 1918ರವರೆಗೆ ದಿವಾನರಾಗಿ, ಕೃಷ್ಣರಾಜಸಾಗರದ ನಿರ್ಮಾಣಕ್ಕೆ ಕಾರಣರಾದರು. 1955ರಲ್ಲಿ ಭಾರತರತ್ನ ಪ್ರಶಸ್ತಿ ಪಡೆದ ಅವರು 1962ರಲ್ಲಿ ಕಾಲವಾದರು.

ಈ ಚರಿತ್ರೆಯಿಂದ ನಾವು ಕಲಿಯಬೇಕಾದುದು ಅಣೆಕಟ್ಟುಗಳ ಹಿರಿಮೆಯನ್ನಷ್ಟೇ ಅಲ್ಲ. ಮಹಾಪೂರವಾಗಲಿ ಬರವಾಗಲಿ, ಸುರಿದ ಮಳೆಯನ್ನು ನಾವು ಎಲ್ಲಿ ನಿಲ್ಲಿಸಿದೆವು ಎಂಬ ಪ್ರಶ್ನೆಯನ್ನೇ ಅವು ಕೇಳುತ್ತವೆ. ನಮ್ಮ ಊರ ಕೆರೆಯ ಒಡ್ಡು ಗಟ್ಟಿಯಾಗಿದೆಯೇ, ಹೂಳು ತೆಗೆದು ಎಷ್ಟು ವರ್ಷವಾಯಿತು ಎಂದು ವಿಚಾರಿಸುವ ವಿದ್ಯಾರ್ಥಿಗಳು ಈ ಶಾಲೆಯಿಂದ ಹೊರಬಂದರೆ, ಆ ಹಿರಿಯರ ಸ್ಮರಣೆ ಸಾರ್ಥಕವಾದಂತೆ ಎಂದು ನಾವು ನಂಬಿದ್ದೇವೆ.