ಲಿಯೋ ಕ್ಯಾನರ್

ಲಿಯೋ ಕ್ಯಾನರ್ (13 ಜೂನ್ 1894 – 3 ಏಪ್ರಿಲ್ 1981) ಆಸ್ಟ್ರಿಯಾ-ಹಂಗೇರಿಯಲ್ಲಿ ಜನಿಸಿ ಅಮೆರಿಕದಲ್ಲಿ ನೆಲೆಸಿದ ಮನೋವೈದ್ಯರು. ಸ್ವಲೀನತೆಯನ್ನು (ಆಟಿಸಂ) ಒಂದು ಪ್ರತ್ಯೇಕ ಸ್ಥಿತಿಯೆಂದು 1943ರಲ್ಲಿ ವಿವರಿಸಿದ ಅವರ ಲೇಖನವು ಈ ವಿಷಯದ ಮುಂದಿನ ಅಧ್ಯಯನಗಳಿಗೆಲ್ಲ ತಳಹದಿಯಾಯಿತು. ಇಂಗ್ಲಿಷ್ ಭಾಷೆಯಲ್ಲಿ ಮಕ್ಕಳ ಮನೋವೈದ್ಯಶಾಸ್ತ್ರದ ಮೊದಲ ಪಠ್ಯಪುಸ್ತಕವನ್ನು ಬರೆದವರೂ ಅವರೇ. ಸ್ವಲೀನ ಮಕ್ಕಳ ತಂದೆ-ತಾಯಂದಿರ ಬಗ್ಗೆ ಅವರು ಬರೆದ ಮಾತುಗಳು ಒಂದು ಕಾಲದಲ್ಲಿ ಆ ಕುಟುಂಬಗಳಿಗೆ ಅಪಾರ ನೋವನ್ನು ತಂದವು. ಮುಂದೆ ಅದೇ ಪೋಷಕರ ಸಭೆಯಲ್ಲಿ ನಿಂತು ಅವರು ನಿರ್ದೋಷಿಗಳೆಂದು ಸಾರಿದವರೂ ಕ್ಯಾನರ್ ಅವರೇ.

ಜನನ ಮತ್ತು ಶಿಕ್ಷಣ

ಕ್ಯಾನರ್ ಅವರು ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ಗಲೀಷಿಯಾ ಪ್ರಾಂತ್ಯದಲ್ಲಿ, ಬ್ರೋಡಿ ಪಟ್ಟಣದ ಸಮೀಪದ ಕ್ಲೆಕೋಟುವ್ ಎಂಬ ಹಳ್ಳಿಯ ಯಹೂದಿ ಕುಟುಂಬದಲ್ಲಿ ಜನಿಸಿದರು. ಈ ಪ್ರದೇಶವು ಈಗ ಉಕ್ರೇನ್ ದೇಶಕ್ಕೆ ಸೇರಿದೆ. ಅವರ ಹುಟ್ಟುಹೆಸರು ಖಾಸ್ಕೆಲ್ ಲೈಬ್ ಕ್ಯಾನರ್. ವಿದ್ಯಾಭ್ಯಾಸಕ್ಕಾಗಿ 1906ರಲ್ಲಿ ಬರ್ಲಿನ್ ನಗರಕ್ಕೆ ಬಂದರು. ಎಳೆಯ ವಯಸ್ಸಿನಲ್ಲಿ ಕವಿಯಾಗುವ ಹಂಬಲವಿತ್ತಾದರೂ ಅದು ಕೈಗೂಡಲಿಲ್ಲ. 1913ರಲ್ಲಿ ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ವ್ಯಾಸಂಗಕ್ಕೆ ಸೇರಿದರು. ಮೊದಲ ಮಹಾಯುದ್ಧದಲ್ಲಿ ಆಸ್ಟ್ರಿಯಾ-ಹಂಗೇರಿ ಸೇನೆಯ ವೈದ್ಯಕೀಯ ವಿಭಾಗದಲ್ಲಿ ಸೇವೆ ಸಲ್ಲಿಸಬೇಕಾಗಿ ಬಂದುದರಿಂದ ವ್ಯಾಸಂಗಕ್ಕೆ ಅಡಚಣೆಯಾಯಿತು. 1921ರಲ್ಲಿ ಪದವಿ ಪಡೆದು ಬರ್ಲಿನ್ನಿನ ಶಾರಿಟೆ ಆಸ್ಪತ್ರೆಯಲ್ಲಿ ಹೃದಯ ಸಂಬಂಧಿ ಪರೀಕ್ಷೆಗಳಲ್ಲಿ ತೊಡಗಿದರು. ಅದೇ ವರ್ಷ ಜೂನ್ ಲೆವಿನ್ ಅವರೊಂದಿಗೆ ವಿವಾಹವಾಯಿತು. ದಂಪತಿಗೆ ಒಬ್ಬ ಮಗಳು ಮತ್ತು ಒಬ್ಬ ಮಗ.

ಅಮೆರಿಕದಲ್ಲಿ

ಯುದ್ಧಾನಂತರದ ಜರ್ಮನಿಯಲ್ಲಿ ಹಣದುಬ್ಬರದಿಂದ ಬದುಕು ದುಸ್ತರವಾಗಿತ್ತು. 1924ರಲ್ಲಿ ಕ್ಯಾನರ್ ಅಮೆರಿಕಕ್ಕೆ ವಲಸೆ ಹೋಗಿ, ದಕ್ಷಿಣ ಡಕೋಟಾ ರಾಜ್ಯದ ಯಾಂಕ್ಟನ್ ಸರ್ಕಾರಿ ಮಾನಸಿಕ ಆಸ್ಪತ್ರೆಯಲ್ಲಿ ಸಹಾಯಕ ವೈದ್ಯರಾದರು. ಮನೋವೈದ್ಯಶಾಸ್ತ್ರದಲ್ಲಿ ಅವರಿಗೆ ಅದುವರೆಗೆ ವಿಶೇಷ ತರಬೇತಿ ಇರಲಿಲ್ಲ. ರೋಗಿಗಳ ನಡುವೆ ಇದ್ದುಕೊಂಡೇ ಆ ವಿದ್ಯೆಯನ್ನು ಕಲಿತರು.

1928ರಲ್ಲಿ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಖ್ಯಾತ ಮನೋವೈದ್ಯ ಅಡಾಲ್ಫ್ ಮೇಯರ್ ಅವರ ಬಳಿ ಸೇರಿದರು. ಮೇಯರ್ ಮತ್ತು ಮಕ್ಕಳ ವಿಭಾಗದ ಮುಖ್ಯಸ್ಥ ಎಡ್ವರ್ಡ್ಸ್ ಪಾರ್ಕ್ ಅವರ ಬೆಂಬಲದಿಂದ 1930ರಲ್ಲಿ ಅಲ್ಲಿ ಮಕ್ಕಳ ಮನೋವೈದ್ಯಕೀಯ ಸೇವೆಯನ್ನು ಆರಂಭಿಸಿದರು. ಮಕ್ಕಳ ಆಸ್ಪತ್ರೆಯೊಳಗೇ ಇಂತಹ ಸೇವೆ ದೊರೆಯುವುದು ಆ ಕಾಲಕ್ಕೆ ಹೊಸತು. ಈ ಅನುಭವದ ಆಧಾರದ ಮೇಲೆ 1935ರಲ್ಲಿ ಚೈಲ್ಡ್ ಸೈಕಿಯಾಟ್ರಿ ಎಂಬ ಪಠ್ಯಪುಸ್ತಕವನ್ನು ಪ್ರಕಟಿಸಿದರು. ಅದು ಅನೇಕ ಮುದ್ರಣಗಳನ್ನು ಕಂಡು ದಶಕಗಳ ಕಾಲ ಬಳಕೆಯಲ್ಲಿತ್ತು.

ನಾಜಿ ಆಡಳಿತದ ಕಾಲದಲ್ಲಿ ಯುರೋಪಿನಿಂದ ಪಾರಾಗಲು ಯತ್ನಿಸುತ್ತಿದ್ದ ಅನೇಕ ಯಹೂದಿ ವೈದ್ಯರಿಗೆ ಕ್ಯಾನರ್ ನೆರವಾದರು. ವಿಯೆನ್ನಾದಲ್ಲಿ ಹಾನ್ಸ್ ಆಸ್ಪರ್ಗರ್ ಅವರ ಸಹೋದ್ಯೋಗಿಯಾಗಿದ್ದ ಜಾರ್ಜ್ ಫ್ರಾಂಕ್ಲ್ ಅವರಲ್ಲೊಬ್ಬರು. ಫ್ರಾಂಕ್ಲ್ ಮುಂದೆ ಬಾಲ್ಟಿಮೋರಿನಲ್ಲಿ ಕ್ಯಾನರ್ ಅವರ ಜೊತೆ ಕೆಲಸ ಮಾಡಿದರು.

ಬುದ್ಧಿಮಾಂದ್ಯರ ಪರವಾದ ಹೋರಾಟ

ಮೇರಿಲ್ಯಾಂಡ್ ರಾಜ್ಯದ ರೋಸ್‌ವುಡ್ ಎಂಬ ಸರ್ಕಾರಿ ಸಂಸ್ಥೆಯಲ್ಲಿ ಬುದ್ಧಿಮಾಂದ್ಯರೆಂದು ಇರಿಸಲಾಗಿದ್ದ 166 ಮಂದಿಯನ್ನು ನ್ಯಾಯಾಲಯದ ಆದೇಶಗಳ ಮೂಲಕ ಬಿಡಿಸಲಾಗಿತ್ತು. ಅವರಲ್ಲಿ ಅನೇಕ ಹೆಣ್ಣುಮಕ್ಕಳು ಶ್ರೀಮಂತರ ಮನೆಗಳಲ್ಲಿ ಕೂಲಿಯಿಲ್ಲದ ಮನೆಗೆಲಸದವರಾದರು. ಬೇಡವಾದಾಗ ಅವರನ್ನು ಬೀದಿಗೆ ತಳ್ಳಲಾಯಿತು. ಕ್ಯಾನರ್ ಮತ್ತು ಸಮಾಜಸೇವಕಿ ಮೇಬಲ್ ಕ್ರೌಸ್ ಇವರ ಜಾಡು ಹಿಡಿದು ಹುಡುಕಿದಾಗ ಹಲವರು ರೋಗ, ಬಡತನ, ಸೆರೆವಾಸಗಳಿಗೆ ಈಡಾಗಿದ್ದುದು ಕಂಡುಬಂತು. 1937ರಲ್ಲಿ ಅಮೆರಿಕದ ಮನೋವೈದ್ಯರ ಸಂಘದ ಸಭೆಯಲ್ಲಿ ಕ್ಯಾನರ್ ಈ ಸಂಗತಿಯನ್ನು ಬಯಲು ಮಾಡಿದಾಗ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು.

1942ರಲ್ಲಿ ತೀವ್ರ ಬುದ್ಧಿಮಾಂದ್ಯತೆಯುಳ್ಳ ಮಕ್ಕಳಿಗೆ ದಯಾಮರಣ ನೀಡಬಹುದೆಂಬ ವಾದವನ್ನು ಅಮೆರಿಕದ ಒಬ್ಬ ಪ್ರಸಿದ್ಧ ನರವೈದ್ಯರು ಮುಂದಿಟ್ಟರು. ಕ್ಯಾನರ್ ಅದನ್ನು ಬಲವಾಗಿ ಖಂಡಿಸಿ ಲೇಖನ ಬರೆದರು. ಮನುಷ್ಯನ ಬೆಲೆಯನ್ನು ಬುದ್ಧಿಶಕ್ತಿಯ ಅಂಕಗಳಿಂದ ಅಳೆಯುವುದು ಸಲ್ಲದೆಂಬುದು ಅವರ ನಿಲುವಾಗಿತ್ತು.

1943ರ ಲೇಖನ

1938ರಲ್ಲಿ ಮಿಸಿಸಿಪ್ಪಿ ರಾಜ್ಯದಿಂದ ಐದು ವರ್ಷದ ಬಾಲಕನೊಬ್ಬನನ್ನು ಕ್ಯಾನರ್ ಅವರ ಬಳಿಗೆ ಕರೆತರಲಾಯಿತು. ಮಗನ ನಡವಳಿಕೆಯನ್ನು ವಿವರಿಸಿ ತಂದೆ ಮೊದಲೇ 33 ಪುಟಗಳ ಪತ್ರ ಬರೆದಿದ್ದರು. ಬಾಲಕನು ಒಂಟಿಯಾಗಿರುವುದರಲ್ಲೇ ಸಂತೋಷ ಕಾಣುತ್ತಿದ್ದನು. ವಸ್ತುಗಳನ್ನು ಗಿರ್ರನೆ ತಿರುಗಿಸುತ್ತಿದ್ದನು. ನಿತ್ಯದ ಕ್ರಮ ಸ್ವಲ್ಪ ತಪ್ಪಿದರೂ ಕೋಪಗೊಳ್ಳುತ್ತಿದ್ದನು. ಆದರೆ ಅವನ ನೆನಪಿನ ಶಕ್ತಿ ಅಸಾಧಾರಣವಾಗಿತ್ತು.

ಇಂತಹ 11 ಮಕ್ಕಳ (8 ಬಾಲಕರು, 3 ಬಾಲಕಿಯರು) ವಿವರಗಳನ್ನು ಒಟ್ಟುಗೂಡಿಸಿ 1943ರಲ್ಲಿ ದಿ ನರ್ವಸ್ ಚೈಲ್ಡ್ ಎಂಬ ನಿಯತಕಾಲಿಕದಲ್ಲಿ ಕ್ಯಾನರ್ ಲೇಖನ ಪ್ರಕಟಿಸಿದರು. ಮರುವರ್ಷ ಈ ಸ್ಥಿತಿಗೆ ಶೈಶವದ ಸ್ವಲೀನತೆ ಎಂಬ ಹೆಸರನ್ನು ಕೊಟ್ಟರು. ಆಟಿಸಂ ಎಂಬ ಪದ ಅವರದಲ್ಲ. ಸ್ಕಿಜೋಫ್ರೇನಿಯಾ ರೋಗದ ಒಂದು ಲಕ್ಷಣವನ್ನು ಸೂಚಿಸಲು ಸ್ವಿಟ್ಜರ್ಲೆಂಡಿನ ಮನೋವೈದ್ಯ ಯೂಜೆನ್ ಬ್ಲಾಯ್ಲರ್ ಅದನ್ನು ಮೊದಲೇ ಬಳಸಿದ್ದರು. ಆ ಮಕ್ಕಳಲ್ಲಿ ಈ ಲಕ್ಷಣಗಳು ಜೀವನದ ಆರಂಭದಿಂದಲೇ ಇರುವುದರಿಂದ ಇದು ಹುಟ್ಟಿನಿಂದ ಬಂದ ಸ್ಥಿತಿಯೆಂದು ಕ್ಯಾನರ್ ತೀರ್ಮಾನಿಸಿದ್ದರು. ಆದರೆ ತಾವು ಕಂಡ ಪೋಷಕರಲ್ಲಿ ಅಂತಃಕರಣದ ಬೆಚ್ಚನೆಯ ಗುಣವಿದ್ದವರು ಕಡಿಮೆಯೆಂಬ ಮಾತನ್ನೂ ಅದೇ ಲೇಖನದಲ್ಲಿ ಸೇರಿಸಿದ್ದರು.

ಪೋಷಕರ ಮೇಲಿನ ಆರೋಪ

1941ರಲ್ಲಿ ತಾಯಂದಿರ ಪರವಾಗಿ ಒಂದು ಪುಸ್ತಕವನ್ನೇ ಬರೆದಿದ್ದ ಕ್ಯಾನರ್, 1949ರ ಹೊತ್ತಿಗೆ ಬೇರೆ ಧಾಟಿಯಲ್ಲಿ ಬರೆಯತೊಡಗಿದರು. ಸ್ವಲೀನ ಮಕ್ಕಳ ತಂದೆ-ತಾಯಂದಿರು ಭಾವನೆಯಿಲ್ಲದೆ ಯಂತ್ರದಂತೆ ಮಕ್ಕಳನ್ನು ನೋಡಿಕೊಳ್ಳುವವರೆಂದು ಚಿತ್ರಿಸಿ, ಅಂತಹ ಮನೆಯನ್ನು ರೆಫ್ರಿಜರೇಟರಿಗೆ ಹೋಲಿಸಿದರು. ಮುಂದೆ ರೆಫ್ರಿಜರೇಟರ್ ತಾಯಿ ಎಂಬ ಮಾತು ಚಾಲ್ತಿಗೆ ಬಂದದ್ದು ಇದರಿಂದಲೇ.

ಮನೋವಿಶ್ಲೇಷಣೆಯ ಪ್ರಭಾವ ಪ್ರಬಲವಾಗಿದ್ದ ಆ ದಿನಗಳಲ್ಲಿ ಇದರ ಪರಿಣಾಮ ಕಠೋರವಾಯಿತು. ನೆರವು ಕೇಳಿ ಬಂದ ತಾಯಿಯನ್ನೇ ರೋಗಕ್ಕೆ ಕಾರಣವೆಂದು ಭಾವಿಸಿ ಚಿಕಿತ್ಸೆಗೆ ಒಳಪಡಿಸಲಾಗುತ್ತಿತ್ತು. ಮಗುವನ್ನು ಮನೆಯಿಂದ ದೂರವಿಡುವುದೇ ಪರಿಹಾರವೆಂದು ಹಲವರು ಸಲಹೆ ನೀಡುತ್ತಿದ್ದರು. ಷಿಕಾಗೋದಲ್ಲಿ ವಸತಿಶಾಲೆ ನಡೆಸುತ್ತಿದ್ದ ಬ್ರೂನೋ ಬೆಟಲ್‌ಹೈಮ್ 1967ರ ತಮ್ಮ ಕೃತಿಯಲ್ಲಿ ಈ ವಾದವನ್ನು ಇನ್ನಷ್ಟು ದೂರ ಕೊಂಡೊಯ್ದರು. ಮಗುವಿನ ಶಿಕ್ಷಣಕ್ಕೆ ಶಾಲೆಯೂ ಇಲ್ಲದೆ, ಅಪವಾದವನ್ನೂ ಹೊತ್ತುಕೊಂಡು ಕುಟುಂಬಗಳು ಒಂಟಿಯಾದವು.

ಪೋಷಕರ ಸಂಘಟನೆ ಮತ್ತು ಕ್ಯಾನರ್

ಈ ವಾದವನ್ನು ಮೊದಲು ಸಮರ್ಥವಾಗಿ ಪ್ರಶ್ನಿಸಿದವರು ಬರ್ನಾರ್ಡ್ ರಿಮ್‌ಲ್ಯಾಂಡ್. ಸ್ವಲೀನ ಬಾಲಕನ ತಂದೆಯಾಗಿದ್ದ ಈ ಮನಶ್ಶಾಸ್ತ್ರಜ್ಞರು 1964ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಸ್ವಲೀನತೆಯ ಮೂಲ ನರವ್ಯವಸ್ಥೆಯಲ್ಲಿದೆಯೇ ಹೊರತು ಪಾಲನೆಯಲ್ಲಿ ಅಲ್ಲವೆಂದು ವಾದಿಸಿದರು. ಅದಕ್ಕೆ ಮುನ್ನುಡಿ ಬರೆದವರು ಕ್ಯಾನರ್. 1965ರಲ್ಲಿ ರಿಮ್‌ಲ್ಯಾಂಡ್ ಮತ್ತು ಇತರ ಪೋಷಕರು ಸೇರಿ ಸ್ವಲೀನ ಮಕ್ಕಳ ರಾಷ್ಟ್ರೀಯ ಸಂಘವನ್ನು ಸ್ಥಾಪಿಸಿದರು.

1969ರಲ್ಲಿ ವಾಷಿಂಗ್‌ಟನ್ನಿನಲ್ಲಿ ನಡೆದ ಸಂಘದ ಸಮಾವೇಶದಲ್ಲಿ ಕ್ಯಾನರ್ ಮಾತನಾಡಿದರು. ತಮ್ಮ ಬರವಣಿಗೆಯನ್ನು ತಪ್ಪಾಗಿ ಅರ್ಥೈಸಲಾಯಿತೆಂದೂ, ಈ ಸ್ಥಿತಿ ಹುಟ್ಟಿನಿಂದ ಬಂದುದೆಂದು ತಾವು ಮೊದಲೇ ಹೇಳಿದ್ದೆಂದೂ ತಿಳಿಸಿ, ಪೋಷಕರನ್ನು ಆರೋಪದಿಂದ ಮುಕ್ತರೆಂದು ಘೋಷಿಸಿದರು. ನೆರೆದವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ಅಪವಾದ ಹರಡುವುದರಲ್ಲಿ ಕ್ಯಾನರ್ ಅವರ ಪಾಲೂ ಇತ್ತೆಂಬುದನ್ನು ನಂತರದ ಇತಿಹಾಸಕಾರರು ಎತ್ತಿ ತೋರಿಸಿದ್ದಾರೆ.

ಆರೋಪ ದೂರವಾದಂತೆ ಪೋಷಕರ ಸ್ಥಾನವೂ ಬದಲಾಯಿತು. ಉತ್ತರ ಕೆರೊಲಿನಾದಲ್ಲಿ ಎರಿಕ್ ಶಾಪ್ಲರ್ ಪೋಷಕರನ್ನೇ ಸಹಚಿಕಿತ್ಸಕರನ್ನಾಗಿ ಮಾಡಿಕೊಂಡು ರೂಪಿಸಿದ ಟೀಚ್ ಕಾರ್ಯಕ್ರಮ 1972ರಲ್ಲಿ ರಾಜ್ಯವ್ಯಾಪಿಯಾಯಿತು. ಅಂಗವಿಕಲ ಮಕ್ಕಳೆಲ್ಲರಿಗೂ ಉಚಿತ ಸಾರ್ವಜನಿಕ ಶಿಕ್ಷಣ ನೀಡಬೇಕೆಂಬ ಕಾನೂನು ಅಮೆರಿಕದಲ್ಲಿ 1975ರಲ್ಲಿ ಅಂಗೀಕಾರವಾಯಿತು.

ಹನ್ನೊಂದು ಮಕ್ಕಳ ಮುಂದಿನ ಬದುಕು

1971ರಲ್ಲಿ ಕ್ಯಾನರ್ ತಮ್ಮ ಮೊದಲ ಹನ್ನೊಂದು ಮಕ್ಕಳು ಏನಾದರೆಂದು ವಿಚಾರಿಸಿ ವರದಿ ಬರೆದರು. ಸರ್ಕಾರಿ ಆಸ್ಪತ್ರೆಗಳಿಗೆ ಸೇರಿಸಲ್ಪಟ್ಟವರು ಇದ್ದ ಸಾಮರ್ಥ್ಯವನ್ನೂ ಕಳೆದುಕೊಂಡು ನಿಷ್ಕ್ರಿಯರಾಗಿದ್ದರು. ಆಸ್ಪತ್ರೆಯ ವಾಸ ಅವರಿಗೆ ಜೀವಾವಧಿ ಶಿಕ್ಷೆಗೆ ಸಮನಾಗಿತ್ತೆಂದು ಕ್ಯಾನರ್ ಕಂಡುಕೊಂಡರು.

ಮಿಸಿಸಿಪ್ಪಿಯ ಬಾಲಕನ ಕಥೆ ಬೇರೆಯಾಗಿತ್ತು. ಒಂಬತ್ತನೆಯ ವಯಸ್ಸಿನ ಸುಮಾರಿಗೆ ಅವನನ್ನು ಮನೆಯ ಹತ್ತಿರದ ಒಂದು ರೈತ ದಂಪತಿಯ ಬಳಿ ಬಿಡಲಾಗಿತ್ತು. ಅಳೆಯುವ ಗೀಳಿದ್ದ ಅವನಿಗೆ ಅವರು ಬಾವಿ ತೋಡಿ ಆಳ ಅಳೆಯುವ ಕೆಲಸ ಕೊಟ್ಟರು. ಜೋಳದ ಸಾಲುಗಳನ್ನು ಎಣಿಸುತ್ತಲೇ ಇದ್ದವನಿಗೆ, ಉಳುತ್ತಾ ಎಣಿಸಲು ಬಿಟ್ಟರು. 1945ರಲ್ಲಿ ಅಲ್ಲಿಗೆ ಹೋಗಿ ನೋಡಿದ ಕ್ಯಾನರ್ ಆ ದಂಪತಿಯ ವಿವೇಕಕ್ಕೆ ಬೆರಗಾದರು. ಆ ಬಾಲಕ ಮುಂದೆ ಪದವಿ ಪಡೆದು, ಬ್ಯಾಂಕಿನಲ್ಲಿ ಉದ್ಯೋಗಿಯಾಗಿ, ತನ್ನ ಊರಿನಲ್ಲೇ ಸ್ವತಂತ್ರವಾಗಿ ಬಾಳಿದನು.

ಕೊನೆಯ ವರ್ಷಗಳು ಮತ್ತು ಮೌಲ್ಯಮಾಪನ

ಕ್ಯಾನರ್ 1959ರಲ್ಲಿ ನಿವೃತ್ತರಾದರು. 1964ರಲ್ಲಿ ಬುದ್ಧಿಮಾಂದ್ಯರ ಆರೈಕೆಯ ಇತಿಹಾಸವನ್ನು ಕುರಿತ ಕೃತಿಯನ್ನು ಪ್ರಕಟಿಸಿದರು. 1971ರಲ್ಲಿ ಆರಂಭವಾದ ಸ್ವಲೀನತೆಯ ನಿಯತಕಾಲಿಕಕ್ಕೆ ಮೊದಲ ಸಂಪಾದಕರಾದರು. 1981ರ ಏಪ್ರಿಲ್ 3ರಂದು ಮೇರಿಲ್ಯಾಂಡಿನ ಸೈಕ್ಸ್‌ವಿಲ್‌ನಲ್ಲಿ ತಮ್ಮ 86ನೆಯ ವಯಸ್ಸಿನಲ್ಲಿ ನಿಧನರಾದರು.

ಇಂತಹ ಮಕ್ಕಳನ್ನು ಗಮನಿಸಿದವರಲ್ಲಿ ಕ್ಯಾನರ್ ಮೊದಲಿಗರಲ್ಲ. ರಷ್ಯಾದ ಗ್ರುನ್ಯಾ ಸುಖರೇವಾ 1920ರ ದಶಕದಲ್ಲೇ ಇದೇ ಬಗೆಯ ಮಕ್ಕಳನ್ನು ವಿವರಿಸಿದ್ದರು. ಆಸ್ಪರ್ಗರ್ ಅವರ ಪ್ರಬಂಧ 1944ರಲ್ಲಿ ಹೊರಬಂತು. ಕ್ಯಾನರ್ ಹಾಕಿದ ಲಕ್ಷಣಗಳ ಚೌಕಟ್ಟು ಕಿರಿದಾಗಿದ್ದುದರಿಂದ ನೆರವಿನ ಅಗತ್ಯವಿದ್ದ ಅನೇಕ ಮಕ್ಕಳು ಅದರ ಹೊರಗುಳಿದರು. ಬ್ರಿಟನ್ನಿನ ಲೋರ್ನಾ ವಿಂಗ್ ಮತ್ತು ಜುಡಿತ್ ಗೋಲ್ಡ್ 1979ರಲ್ಲಿ ಪ್ರಕಟಿಸಿದ ಅಧ್ಯಯನವು ಆ ಚೌಕಟ್ಟನ್ನು ವಿಸ್ತರಿಸಿತು. ಆದರೂ ಪ್ರತಿ ಮಗುವನ್ನೂ ಅದರದೇ ಬದುಕಿನ ಹಿನ್ನೆಲೆಯಲ್ಲಿ ಗಮನಿಸಿ, ವಿವರವಾಗಿ ದಾಖಲಿಸಿ, ದಶಕಗಳ ನಂತರವೂ ಅವರನ್ನು ಹುಡುಕಿ ವಿಚಾರಿಸಿದ ಕ್ಯಾನರ್ ಅವರ ಕ್ರಮವು ಮಕ್ಕಳ ಮನೋವೈದ್ಯಶಾಸ್ತ್ರದಲ್ಲಿ ಮಾದರಿಯಾಗಿ ಉಳಿದಿದೆ.