ಜ್ವರಕ್ಕೆ ಅಂಕೆಯನ್ನಿತ್ತ ವೈದ್ಯ ವುಂಡರ್ಲಿಕ್

ಬೆಂಗಳೂರಿನ ತಿಲಕ್ ನಗರದ ಆಸುಪಾಸಿನಲ್ಲಿ ಆಸ್ಪತ್ರೆಗಳಿಗೆ ಕೊರತೆಯಿಲ್ಲ. ಜಯನಗರದ ಸಾರ್ವಜನಿಕ ಆಸ್ಪತ್ರೆ, ಜಯದೇವ ಹೃದ್ರೋಗ ಸಂಸ್ಥೆ, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಇವೆಲ್ಲವೂ ಸಮೀಪದಲ್ಲಿಯೇ ಇವೆ. ಇಂಥ ಯಾವ ಆಸ್ಪತ್ರೆಯ ವಾರ್ಡನ್ನು ಹೊಕ್ಕರೂ, ದಾದಿಯು ಹೊತ್ತುಹೊತ್ತಿಗೆ ರೋಗಿಯ ಮೈಕಾವನ್ನು ಅಳೆದು ಬರೆದಿಡುವುದು ಕಣ್ಣಿಗೆ ಬೀಳುತ್ತದೆ. ಈ ಪದ್ಧತಿಯನ್ನು ಲೋಕದ ಆಸ್ಪತ್ರೆಗಳಲ್ಲಿ ನೆಲೆಗೊಳಿಸಿದ ಕೀರ್ತಿ ಜರ್ಮನಿಯ ಕಾರ್ಲ್ ವುಂಡರ್ಲಿಕನಿಗೆ ಸಲ್ಲತಕ್ಕದ್ದು.

ಈ ಮಹಾಶಯನು 1815ರ ಆಗಸ್ಟ್ 4ರಂದು ನೆಕರ್ ನದೀತೀರದ ಸುಲ್ಟ್ಸ್ ಎಂಬ ಊರಿನಲ್ಲಿ ವೈದ್ಯನೊಬ್ಬನ ಮಗನಾಗಿ ಜನಿಸಿದನು. ಟ್ಯೂಬಿಂಗೆನ್ನಿನಲ್ಲಿ ವೈದ್ಯಶಾಸ್ತ್ರವನ್ನು ವ್ಯಾಸಂಗಮಾಡಿ, ಪ್ಯಾರಿಸ್ ವಿಯೆನ್ನಾಗಳ ಚಿಕಿತ್ಸಾಕ್ರಮವನ್ನು ಕಣ್ಣಾರೆ ಕಂಡುಬಂದನು. 1842ರಲ್ಲಿ ರೋಸರ್, ಗ್ರೀಸಿಂಗರ್ ಎಂಬ ಮಿತ್ರರೊಡಗೂಡಿ ಒಂದು ವೈದ್ಯಪತ್ರಿಕೆಯನ್ನು ಹೊರಡಿಸಿದನು. ಬರಿಯ ತರ್ಕದಿಂದಲ್ಲ, ಶರೀರದ ಕ್ರಿಯೆಗಳನ್ನು ಪರೀಕ್ಷಿಸಿಯೇ ರೋಗವನ್ನು ಅರಿಯಬೇಕೆಂಬುದು ಆ ಪತ್ರಿಕೆಯ ನಿಲುವು. 1850ರಲ್ಲಿ ಲೈಪ್‌ಜಿಗ್ ನಗರದ ವೈದ್ಯಾಲಯದ ಮುಖ್ಯಸ್ಥನಾದನು. ಆತನ ಬಾಳಿನ ಮಹತ್ಕಾರ್ಯವೆಲ್ಲ ನಡೆದುದು ಅಲ್ಲಿಯೇ.

ಉಷ್ಣಮಾಪಕವು ವುಂಡರ್ಲಿಕನ ಸೃಷ್ಟಿಯಲ್ಲ. ಫ್ಯಾರನ್‌ಹೀಟನು 1714ರಲ್ಲಿಯೇ ಪಾದರಸದ ಮಾಪಕವನ್ನು ರೂಪಿಸಿದ್ದನು. ಆದರೂ ವೈದ್ಯರಲ್ಲಿ ಬಹುಮಂದಿ ನಂಬಿದ್ದು ತಮ್ಮ ಅಂಗೈಯನ್ನೇ. ಅಂಗೈ ಮೋಸಹೋಗುವುದುಂಟು. ಚಳಿಜ್ವರದ ರೋಗಿಯು ಗಡಗಡ ನಡುಗುತ್ತ ಕಂಬಳಿಯನ್ನು ಬೇಡುವಾಗ ಅವನ ಕೈಕಾಲು ತಣ್ಣಗಿರುತ್ತವೆ. ಒಳಗಿನ ಕಾವು ಮಾತ್ರ ಏರುತ್ತಲೇ ಇರುತ್ತದೆ. ಈ ಸತ್ಯವನ್ನು ಕೈ ತಿಳಿಸದು, ಮಾಪಕವು ತಿಳಿಸೀತು.

ಅಂದಿನ ಮಾಪಕವನ್ನು ಬಳಸುವುದು ಸುಲಭವಾಗಿರಲಿಲ್ಲ. ಅದು ಇಂದಿನದಕ್ಕಿಂತ ಬಹಳ ಉದ್ದವಾಗಿತ್ತು. ಕಂಕುಳಲ್ಲಿ ಸುಮಾರು ಇಪ್ಪತ್ತು ನಿಮಿಷ ಇಟ್ಟಿರಬೇಕಾಗಿತ್ತು. ಹೊರತೆಗೆದೊಡನೆ ಪಾದರಸವು ಇಳಿಯುತ್ತಿದ್ದುದರಿಂದ ಇದ್ದಲ್ಲಿಯೇ ಓದಬೇಕಾಗಿತ್ತು. ಇಂಥ ಉಪಕರಣದಿಂದ ಸುಮಾರು 25,000 ರೋಗಿಗಳ ಮೈಕಾವನ್ನು ದಿನದಿನವೂ ಅಳೆಯಿಸಿ ಬರೆಯಿಸಿದನೆಂದರೆ ಆ ತಾಳ್ಮೆಯನ್ನು ತಪಸ್ಸೆಂದೇ ಕರೆಯಬೇಕು. ಒಟ್ಟು ಅಳತೆಗಳು ಹತ್ತು ಲಕ್ಷವನ್ನು ಮೀರಿದುವೆಂದು ಪ್ರಸಿದ್ಧಿ. ಅವುಗಳ ಫಲವಾಗಿ 1868ರಲ್ಲಿ, ರೋಗಗಳಲ್ಲಿ ದೇಹತಾಪದ ನಡೆಯನ್ನು ಕುರಿತ ಆತನ ಮಹಾಗ್ರಂಥವು ಹೊರಬಂದಿತು. ಜ್ವರವು ತಾನೇ ಒಂದು ರೋಗವಲ್ಲ, ರೋಗಗಳ ಲಕ್ಷಣವೆಂಬ ತಿಳಿವು ಇದರಿಂದ ಬಲಗೊಂಡಿತು. ನಮ್ಮ ಆಯುರ್ವೇದಜ್ಞರೂ ತೃತೀಯಕ, ಚತುರ್ಥಕ ಎಂದು ಜ್ವರಗಳನ್ನು ಅವುಗಳ ಗತಿಯಿಂದಲೇ ಗುರುತಿಸಿದ್ದರು. ವುಂಡರ್ಲಿಕನು ಆ ಗತಿಗೆ ಅಂಕೆಯನ್ನು ಕೊಟ್ಟನು.

ಆರೋಗ್ಯವಂತರ ಸರಾಸರಿ ತಾಪವು 37 ಡಿಗ್ರಿ ಸೆಲ್ಸಿಯಸ್, ಅಂದರೆ 98.6 ಡಿಗ್ರಿ ಫ್ಯಾರನ್‌ಹೀಟ್, ಎಂಬುದು ಆತನ ನಿರ್ಣಯ. ಆದರೆ ಆತನು ಹೇಳಿದ್ದು ಇಷ್ಟನ್ನೇ ಅಲ್ಲ. ತಾಪವು ಮುಂಜಾವಿನಲ್ಲಿ ತಗ್ಗಿ ಸಂಜೆಗೆ ಏರುವುದೆಂದೂ, ವೃದ್ಧರಲ್ಲಿ ತುಸು ಕಡಿಮೆಯಿರುವುದೆಂದೂ ತಿಳಿಸಿದ್ದನು. ಲೋಕವು ಅಂಕೆಯನ್ನು ಹಿಡಿದುಕೊಂಡು ವಿವರಣೆಯನ್ನು ಬಿಟ್ಟುಬಿಟ್ಟಿತು. ಇದರಿಂದ ತೊಂದರೆಗೊಳಗಾಗುವವರು ರೋಗಿಗಳು. ಸಹಜವಾಗಿ 36.2 ಡಿಗ್ರಿ ಇರುವ ಮುದುಕಿಗೆ 37.5 ಡಿಗ್ರಿಯೇ ಜ್ವರವಾಗಿರಬಹುದು. ಪಟ್ಟಿಯನ್ನಷ್ಟೇ ನೋಡುವವನು ಅದನ್ನು ಗಮನಿಸದೆ ಹೋಗಬಹುದು.

ಇಂಗ್ಲೆಂಡಿನ ಆಲ್ಬಟ್ ಎಂಬ ವೈದ್ಯನು ಆರು ಅಂಗುಲದ, ಐದೇ ನಿಮಿಷದಲ್ಲಿ ಅಳೆಯುವ ಮಾಪಕವನ್ನು ಬಳಕೆಗೆ ತಂದ ಮೇಲೆ ಈ ಪದ್ಧತಿಯು ಬೇಗ ಹರಡಿತು. ವುಂಡರ್ಲಿಕನ ಗ್ರಂಥವು 1871ರಲ್ಲಿ ಇಂಗ್ಲಿಷಿಗೆ ಬಂದಿತು. 1877ರ ಸೆಪ್ಟೆಂಬರ್ 25ರಂದು ಆತನು ಲೈಪ್‌ಜಿಗ್‌ನಲ್ಲಿ ನಿಧನ ಹೊಂದಿದನು.

ಆತನ ಮಾಪಕಕ್ಕೇ ಪರೀಕ್ಷೆಯೊದಗಿದ್ದು ನೂರು ವರ್ಷಗಳು ಕಳೆದ ಮೇಲೆ. ಅಮೆರಿಕದ ಫಿಲಡೆಲ್ಫಿಯಾದ ಮ್ಯೂಟರ್ ವಸ್ತುಸಂಗ್ರಹಾಲಯದಲ್ಲಿದ್ದ, ಆತನದೆಂದು ಹೇಳಲಾದ ಒಂದು ಮಾಪಕವನ್ನು ಮ್ಯಾಕೊವಿಯಾಕ್ ಎಂಬ ವೈದ್ಯನು ಪರೀಕ್ಷಿಸಿದಾಗ, ಅದು ಇಂದಿನವುಗಳಿಗಿಂತ 1.4ರಿಂದ 2.2 ಡಿಗ್ರಿ ಸೆಲ್ಸಿಯಸ್ ಹೆಚ್ಚು ತೋರಿಸುತ್ತಿತ್ತು. ಅದೇ ವೈದ್ಯನೂ ಸಂಗಡಿಗರೂ 1992ರಲ್ಲಿ 148 ಮಂದಿ ಆರೋಗ್ಯವಂತರ ಬಾಯಿಯ ತಾಪವನ್ನು ಅಳೆದು ಪ್ರಕಟಿಸಿದ ಸರಾಸರಿ 36.8 ಡಿಗ್ರಿ. ಹಾಗೆಂದು ವುಂಡರ್ಲಿಕನನ್ನು ಹಗುರವಾಗಿ ಕಾಣುವುದು ಅನ್ಯಾಯ. ಒಂದು ಮಾಪಕದಿಂದ ಎಲ್ಲವನ್ನೂ ತೂಗಲಾಗದು. ಮೇಲಾಗಿ, 2020ರಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ವಾಂಸರ ಅಧ್ಯಯನವು, ಅಮೆರಿಕದ ಜನರ ಮೈಕಾವೇ ಹತ್ತೊಂಬತ್ತನೆಯ ಶತಮಾನದಿಂದೀಚೆಗೆ ಕ್ರಮೇಣ ತಗ್ಗಿದೆಯೆಂದು ವಾದಿಸಿದೆ. ಮಾಪಕವು ಒಂದೇ ಸಮನಾಗಿ ಹೆಚ್ಚು ತೋರಿಸಿದರೂ ಜ್ವರದ ಏರಿಳಿತದ ರೇಖೆಯು ಕೆಡುವುದಿಲ್ಲ. ಆತನ ನಿಜವಾದ ಸಂಪಾದನೆ ಆ ರೇಖೆಯೇ.

ಪಾದರಸದ ಮಾಪಕಗಳು ಈಗ ಆಸ್ಪತ್ರೆಗಳಿಂದ ಮರೆಯಾಗುತ್ತಿವೆ. ಗಾಜು ಒಡೆದರೆ ಪಾದರಸವು ವಿಷವಾದುದರಿಂದ, 2013ರ ಮಿನಮಾಟ ಒಪ್ಪಂದವು ಅವುಗಳ ತಯಾರಿಕೆಯನ್ನು ಕೊನೆಗಾಣಿಸಲು 2020ನ್ನು ಗಡುವೆಂದು ಗೊತ್ತುಮಾಡಿತು. ಅದೇ ವರ್ಷ ಕೊರೋನಾ ವ್ಯಾಧಿಯು ಹರಡಿದಾಗ, ಹಣೆಯ ಮುಂದೆ ಹಿಡಿದು ಅಳೆಯುವ ಯಂತ್ರಗಳು ಬಾಗಿಲುಬಾಗಿಲಿನಲ್ಲಿ ಕಾಣಿಸಿಕೊಂಡುವು. ಅವು ಕಾಣುವುದು ಚರ್ಮದ ಕಾವನ್ನು. ಬಿಸಿಲಿನಲ್ಲಿ ನಡೆದುಬಂದವನ ಹಣೆಯೂ ಬೆವರಿದವನ ಹಣೆಯೂ ಅವನ್ನು ದಾರಿತಪ್ಪಿಸಬಲ್ಲವು. ಆದುದರಿಂದಲೇ ಬಲ್ಲ ದಾದಿಯು ಸಂದೇಹ ಬಂದಾಗ ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಅಳೆಯುವಳು. ಅಂಕೆಯ ಪಕ್ಕದಲ್ಲಿ ಬಾಯಿಯೋ ಕಂಕುಳೋ ಹಣೆಯೋ ಎಂಬುದನ್ನೂ, ಅಳೆದ ವೇಳೆಯನ್ನೂ ಬರೆಯುವಳು.